ಕರ್ತೃವಿನ ಜಾಗದಲ್ಲಿ ಅಂಕಲ್ ಹೆಸರು

ಫ್ರಿಜ್ಜಿನ ಬಾಗಿಲಿಗೆ ತಲೆ ಅಪ್ಪಳಿಸಿದಾಗ ಬರುವ ಸದ್ದು ದೊಡ್ಡದೇನಲ್ಲ. ಒಳಗಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುವುದೇ ಹೆಚ್ಚು ಕೇಳುತ್ತದೆ. ನಮ್ಮ ಚಿತ್ರದಲ್ಲಿ ಆ ಸದ್ದು ಮತ್ತೆ ಮತ್ತೆ ಬರುತ್ತದೆ. ನಾನು ಅದನ್ನು ಏರಿಸಲಿಲ್ಲ, ಇಳಿಸಲೂ ಇಲ್ಲ.

ಆಗ ನಾನು ಅಮೆರಿಕದ ಅಟ್ಲಾಂಟಾದಲ್ಲಿ ಸಿನಿಮಾ ಓದುತ್ತಿದ್ದೆ. ಹತ್ತಿರದ ಲಾರೆನ್ಸ್‌ವಿಲ್‌ನಲ್ಲಿ ಮೈಸೂರು ಕಡೆಯ ದಂಪತಿಗಳ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಮನೆಯಾಕೆಯನ್ನು ಅಕ್ಕ ಎನ್ನುತ್ತಿದ್ದೆ. ಒಂದು ಶನಿವಾರ ಬೆಳಿಗ್ಗೆ, ಕ್ಲಾಸಿನ ಕೆಲಸಕ್ಕೆಂದು, ಅಕ್ಕ ಒಬ್ಬಟ್ಟು ತಟ್ಟುವುದನ್ನು ಚಿತ್ರಿಸುತ್ತಿದ್ದೆ. ಕ್ಯಾಮೆರಾವನ್ನು ನಿಲ್ಲಿಸದೆ, ಇನ್ನೊಂದು ಬ್ಯಾಟರಿ ತರಲು ಕೆಳಗಿಳಿದೆ. ಅಷ್ಟರಲ್ಲಿ ಆಕೆಯ ಗಂಡ ಬ್ಯಾಡ್ಮಿಂಟನ್ ಮುಗಿಸಿ ಬಂದ.

"ಯಾರನ್ನ ಕೇಳಿ ಇದನ್ನ ಇಟ್ಟೆ?"

"ಕಾಲೇಜ್ ಪ್ರಾಜೆಕ್ಟ್ ರೀ. ಬರೀ ಅಡುಗೆ."

"ಓಹೋ, ಹೀರೋಯಿನ್ ಆಗ್ತಿದೀಯಾ."

ಅನಂತರ ಕೂದಲು ಹಿಡಿದ. ಮೊದಲ ಏಟು, ಎರಡನೆಯದು. ಅಕ್ಕ ಬಿಡಿಸಿಕೊಳ್ಳಲು ಅವನ ಎದೆಯನ್ನು ತಳ್ಳಿದಳು. ಅವನು ಅವಳ ತಲೆಯನ್ನು ಫ್ರಿಜ್ಜಿಗೆ ಚಚ್ಚಿದ. ನಾನು ಮೇಲೆ ಓಡಿಬಂದು ನಡುವೆ ನುಗ್ಗಿದಾಗ ರ‍್ಯಾಕೆಟ್ಟಿನ ಅಂಚು ನನ್ನ ಬಾಯಿಗೆ ಬಿತ್ತು. ಮುಂದಿನ ಹಲ್ಲೊಂದು ಹೂರಣದ ಪಾತ್ರೆಯ ಪಕ್ಕದಲ್ಲಿ ಬಿದ್ದಿತ್ತು. ಪೊಲೀಸರು ಬಂದಾಗ ಆತ ಸೋಫಾದ ಮೇಲೆ ಕುಳಿತು ಸಾವಧಾನವಾಗಿ ಶೂ ಲೇಸು ಬಿಚ್ಚುತ್ತಿದ್ದ.

ಅಕ್ಕ ಮನೆ ಬಿಟ್ಟಳು. ನಾವಿಬ್ಬರೂ ಒಂದು ಸಣ್ಣ ಅಪಾರ್ಟ್‌ಮೆಂಟ್ ಹಿಡಿದೆವು. ಅವಳ ಮುರಿದ ದವಡೆ ಕೂಡಿಕೊಳ್ಳುವ ಮೊದಲೇ ಊರಿನ ಕನ್ನಡಿಗರ ನಡುವೆ 'ಗಂಡ ಹೆಂಡ್ತಿ ಜಗಳ, ಏನೋ ಕೈ ತಾಗಿದೆ' ಎಂಬ ಮಾತು ಹಬ್ಬಿತ್ತು. ಆ ಮಾತನ್ನು ಕೊಲ್ಲಲೆಂದೇ, ಆ ಬೆಳಿಗ್ಗೆ ಕ್ಯಾಮೆರಾ ಹಿಡಿದದ್ದರಿಂದ ನಾವು ಚಿತ್ರ ಮಾಡಿದೆವು. ಸಂಕಲನದ ಪ್ರತಿ ಕತ್ತರಿಯನ್ನೂ ಅಕ್ಕನೇ ನಿರ್ಧರಿಸಿದಳು. ಅದನ್ನು ಅಂತರ್ಜಾಲಕ್ಕೆ ಏರಿಸಿದ ವಾರದೊಳಗೆ ಗಂಡನ ಗೆಳೆಯರು ಅದನ್ನು ಕಡಿದರು. ಮೊದಲ ಏಟುಗಳಿಲ್ಲ, ಕೊನೆಯ ರಕ್ತವಿಲ್ಲ. ಅಕ್ಕ ಗಂಡನನ್ನು ತಳ್ಳುವ ಆ ಕ್ಷಣವಷ್ಟೇ. 'ಮೊದಲು ಕೈ ಎತ್ತಿದ್ದು ಯಾರು, ನೀವೇ ನೋಡಿ' ಎಂಬ ಸಾಲಿನೊಂದಿಗೆ ಆ ತುಣುಕು ಷಾರ್ಲೆಟ್‌ನಿಂದ ಗೈದರ್ಸ್‌ಬರ್ಗ್‌ವರೆಗೆ ಊರೂರಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು.

ಕಡಿದವರನ್ನು ನ್ಯಾಯಾಲಯಕ್ಕೆ ಎಳೆಯಬೇಕಾದರೆ ಮೊದಲು ಸರ್ಕಾರದ ಕೃತಿಸ್ವಾಮ್ಯ ಕಚೇರಿಯಲ್ಲಿ ಚಿತ್ರ ನೋಂದಣಿಯಾಗಿರಬೇಕು. ಇದನ್ನು ನಾನು ಕ್ಲಾಸಿನಲ್ಲಿ ಕಲಿತಿದ್ದೆ. ನಮ್ಮ ಊರಿನಲ್ಲಿ ಎಲ್ಲರ ಅರ್ಜಿಗಳನ್ನೂ ತುಂಬಿಕೊಡುತ್ತಿದ್ದ, ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುತ್ತಿದ್ದ ಅಂಕಲ್ ಒಬ್ಬರಿದ್ದರು. ಚಿತ್ರ ನೋಡಿ ಅತ್ತಿದ್ದರು. ಅವರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆವು. ಕರ್ತೃವಿನ ಪೌರತ್ವ ಯಾವುದು ಎಂಬ ಪ್ರಶ್ನೆ ಬಂದೊಡನೆ ಅಂಕಲ್ ಕೈ ಅಡ್ಡ ಹಿಡಿದರು.

"ತಡಿಯಮ್ಮ. ನಿಂದು ಸ್ಟೂಡೆಂಟ್ ವೀಸಾ, ಇವಳದ್ದು ಗಂಡನ ಮೇಲೆ ಡಿಪೆಂಡೆಂಟ್. ಗೌರ್ಮೆಂಟ್ ಸೈಟಲ್ಲಿ ಫಿಲ್ಮ್ ಓನರ್ ಅಂತ ಹಾಕ್ಕೊಂಡ್ರೆ ಕೆಲಸ ಮಾಡ್ದಂಗೆ ಲೆಕ್ಕ. ನಾಳೆ ವೀಸಾ ಸ್ಟ್ಯಾಂಪಿಂಗ್‌ಗೆ ಹೋದಾಗ ಹಿಡ್ಕೋತಾರೆ. ನಾನು ಸಿಟಿಜನ್, ನನ್ ಹೆಸರು ಹಾಕ್ತೀನಿ."

ಆ ಪ್ರಶ್ನೆಗೂ ವೀಸಾಕ್ಕೂ ಸಂಬಂಧವಿಲ್ಲ. ತಾನು ಮಾಡಿದ ಕೃತಿಯನ್ನು ತನ್ನದೆಂದು ಹೇಳಿಕೊಳ್ಳಲು ಯಾವ ವೀಸಾವೂ ಅಡ್ಡ ಬರುವುದಿಲ್ಲ. ಆದರೆ ನಮ್ಮ ಜನ ಉಸಿರಾಡುವುದಕ್ಕೂ ಸ್ಟ್ಯಾಂಪಿಂಗ್ ನೆನೆಯುತ್ತಾರೆ. ನಾವೂ ಹೆದರಿ ಒಪ್ಪಿದೆವು. ಅಂಕಲ್ ತಾವೇ ಟೈಪ್ ಮಾಡಿದರು, ಮೇಲಿನದೆಲ್ಲ ಸತ್ಯ ಎಂಬ ಚೌಕಕ್ಕೆ ತಾವೇ ಗುರುತು ಹಾಕಿದರು. ನೋಂದಣಿ ಅವರ ಹೆಸರಿನಲ್ಲಿ ಬಂತು.

ಕೆಲವು ತಿಂಗಳ ಬಳಿಕ ನಮ್ಮ ಇಡೀ ಚಿತ್ರ ಅಂತರ್ಜಾಲದಿಂದ ಮಾಯವಾಯಿತು. ಹಕ್ಕುದಾರರ ದೂರಿನ ಮೇರೆಗೆ ತೆಗೆಯಲಾಗಿದೆ ಎಂದಿತ್ತು. ಹಕ್ಕುದಾರರೆಂದರೆ ಅಂಕಲ್. ಕಡಿದ ತುಣುಕು ಮಾತ್ರ ಎಲ್ಲರ ಫೋನಿನಲ್ಲಿ ಉಳಿಯಿತು. ಅದರೊಳಗೆ ಅಕ್ಕ ದಿನವೂ ತಳ್ಳುತ್ತಿದ್ದಳು, ಅವನು ದಿನವೂ ನಿರಪರಾಧಿಯಾಗುತ್ತಿದ್ದ.

ನಾನು ಅವರ ಮನೆಗೆ ನುಗ್ಗಿದೆ.

"ಅವನ ತಾಯಿ ಫೋನ್ ಮಾಡಿ ಅತ್ಬಿಟ್ರಮ್ಮ," ಎಂದರು ಅಂಕಲ್. "ಕನ್ನಡ ಸಂಘ ಎರಡು ಭಾಗ ಆಗ್ತಿದೆ. ಯುಗಾದಿಗೆ ಅರ್ಧ ಜನ ಬರಲ್ಲ ಅಂತಿದಾರೆ."

"ಅಕ್ಕನ ದವಡೆ ಎರಡು ಭಾಗ ಆದಾಗ ಯಾವ ಹಬ್ಬ ನಿಂತಿತ್ತು ಅಂಕಲ್?"

"ಬಾಯಿ ಜೋರು ನಿಂದು. ಅದಕ್ಕೇ ಏಟು ತಿಂದೆ."

ಮೇಜಿನ ಮೇಲಿನ ಸ್ಟೀಲ್ ಲೋಟ ನನ್ನ ಕೈಯಲ್ಲಿತ್ತು. ಅದನ್ನು ಅವರ ಮುಖಕ್ಕೆ ಬೀಸಬೇಕೆನ್ನಿಸಿತು, ಇಂದಿಗೂ ಅನ್ನಿಸುತ್ತದೆ. ಕುಟ್ಟಿ ಇಟ್ಟು ಹೊರಬಂದೆ.

ವಿಶ್ವವಿದ್ಯಾಲಯದ ಕಾನೂನು ನೆರವಿನ ವಕೀಲರು ದಾರಿ ತೋರಿಸಿದರು. ಕೃತಿಸ್ವಾಮ್ಯ ಕಚೇರಿ ಪಂಚಾಯಿತಿ ಮಾಡುವುದಿಲ್ಲ. ನಿಜವಾದ ಕರ್ತೃಗಳು ಬೇರೆ ಅರ್ಜಿ ಹಾಕಿದರೆ ಎರಡೂ ಹೇಳಿಕೆಗಳನ್ನು ದಾಖಲಿಸಿಕೊಳ್ಳುತ್ತದೆ. ಹಾಕಿದೆವು. ಕರ್ತೃ ಅನಾಮಧೇಯರಾಗಿ ಉಳಿಯಬಹುದೆಂಬ ಆಯ್ಕೆಯನ್ನು ನಾನು ಅಕ್ಕನಿಗೆ ತೋರಿಸಿದೆ. ಅವಳು ನನ್ನ ಕೈಯನ್ನು ಕೀಬೋರ್ಡಿನಿಂದ ಸರಿಸಿ, ಮದುವೆಗೆ ಮುಂಚಿನ ತನ್ನ ಪೂರ್ತಿ ಹೆಸರನ್ನು ಟೈಪ್ ಮಾಡಿದಳು.

"ಒಡೆದ ಮುಖನ ಎಲ್ರೂ ನೋಡಾಯ್ತು. ಇನ್ನು ಹೆಸರು ಮುಚ್ಚಿ ಯಾರ ಮಾನ ಕಾಪಾಡ್ಲಿ?"

ಅಂದೇ ಇಡೀ ಚಿತ್ರವನ್ನು ಮತ್ತೆ ಏರಿಸಿದೆವು. ಸಂಜೆ ಅಂಕಲ್ ಫೋನ್ ಮಾಡಿದರು. ಮತ್ತೆ ದೂರು ಕೊಡುತ್ತೇನೆ ಎಂದರು. ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿದಳು.

"ಕೊಡಿ ಅಂಕಲ್. ಆದ್ರೆ ಈ ಸಲ ನಮ್ಮ ಅರ್ಜಿನೂ ಇದೆ, ಜಡ್ಜ್ ಮುಂದೆ ನಿಂತು ಹೇಳ್ಬೇಕಾಗತ್ತೆ, ಆ ಅಡುಗೆಮನೇಲಿ ಇದನ್ನ ತೆಗೆದಿದ್ದು ನೀವೇ ಅಂತ. ಹೇಳ್ತೀರಾ? ನೀವೇ ಅಲ್ಲಿದ್ರೆ, ಯಾಕೆ ಬಿಡಿಸ್ಲಿಲ್ಲ ಅಂತಾನೂ ಹೇಳಿ."

ಅಕ್ಕನೇ ಫೋನ್ ಇಟ್ಟಳು. ದೂರು ಬರಲಿಲ್ಲ. ಸರ್ಕಾರದ ದಾಖಲೆಯಲ್ಲಿ ಅವರ ಹೆಸರು ಇನ್ನೂ ಇದೆ. ಅದನ್ನು ಅಳಿಸಿಕೊಡಿ ಎಂದು ನಾವು ಯಾರನ್ನೂ ಕೇಳಿಲ್ಲ. ಇರಲಿ. ಆ ಸುಳ್ಳು ಮಾತ್ರ ಅವರೇ ಮಾಡಿದ ಕೆಲಸ.