ಬೂಟಿನಡಿಯ ಫೆಲ್ಟ್

ವಿಜಯವಾಡದ ಆಟೋನಗರದಲ್ಲಿ, ಲಾರಿ ಸೀಟು ಹೊಲಿಯುವ ಅಂಗಡಿಯ ಮುಂದೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಿಂತೆವು. ನಾನು ಮತ್ತು ವೈಜಾಗ್‌ನಲ್ಲಿ ನೆಲೆಸಿರುವ ತಮ್ಮ, ಟ್ರೌಟ್ ಮೀನು ಹಿಡಿಯಲು ಹಿಮಾಚಲಕ್ಕೆ ಹೊರಟಿದ್ದೇವೆ. ಸಾಮಾನಿನ ಪಟ್ಟಿ ನನ್ನದು: ನೊಣದಂತೆ ಕಾಣುವ ಗಾಳಗಳು, ಕೋಲು, ಉಣ್ಣೆಯ ಕಾಲುಚೀಲ, ಎರಡು ಮಡಚು ಕುರ್ಚಿ. ನಾನು ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿಗಳನ್ನು ಮಾತ್ರ ಮನೆಯಲ್ಲೇ ಬಿಟ್ಟುಬರುವಂತೆ ತಮ್ಮ ಹೇಳಿದ್ದ.

“ಬಿಳಿ ಕಂಡ್ರೆ ಮೀನು ಓಡಿಹೋಗುತ್ತೆ ಅಕ್ಕಾ. ಇದು ನಿನ್ನ ಸ್ಕೂಲಿನ ಪರೇಡ್ ಅಲ್ಲ.”

ನೌಕಾಪಡೆಯ ಹಡಗುಗಳ ಒದ್ದೆ ಡೆಕ್ಕಿನ ಮೇಲೆ ಅರ್ಧ ಆಯುಷ್ಯ ನಡೆದವನು, ಹೋದ ವರ್ಷ ಹೊಳೆಯ ಪಾಚಿಗಲ್ಲಿನ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದ. ಈ ಸಲ ನೀರಿಗಿಳಿಯುವುದಿಲ್ಲ, ದಡದಲ್ಲೇ ಕೂರುತ್ತೇನೆ ಎಂದಿದ್ದ. ನನ್ನ ಬಲವಂತಕ್ಕೆ ನಿನ್ನೆ ಅವನ ಹಳೆಯ ಬೂಟು ಇಲ್ಲಿ ಕೊಟ್ಟಿದ್ದೆವು. ಅಂಗಡಿಯವರು ಅದರ ತಳಕ್ಕೆ, ಒದ್ದೆ ಕಲ್ಲಿನ ಮೇಲೆ ಜಾರದಂತೆ, ಉಣ್ಣೆ ಒತ್ತಿ ಮಾಡಿದ ದಪ್ಪ ಫೆಲ್ಟ್ ಅಂಟಿಸಿ, ರಾತ್ರಿಯಿಡೀ ಭಾರ ಹೇರಿಟ್ಟಿದ್ದರು. ಈಗ ಒಂದು ತಗಡು ಹಾಸಿ, ಅದರ ಮೇಲೆ ಸೋಪಿನ ನೀರು ಸುರಿದರು.

“ನಿಲ್ಚೋಂಡಿ ಸಾರ್,” ಎಂದು ತೆಲುಗಿನಲ್ಲಿ ಅದರ ಮೇಲೆ ನಿಲ್ಲಲು ಹೇಳಿದರು.

ತಮ್ಮ ಬೂಟು ಹಾಕಿಕೊಂಡು, ನನ್ನ ಹೆಗಲು ಹಿಡಿದು ತಗಡಿನ ಮೇಲೆ ಹತ್ತಿದ. ಎರಡು ಹೆಜ್ಜೆ ಇಟ್ಟ ಮೇಲೆ ಹೆಗಲು ಬಿಟ್ಟ. ಬಲಗೈ ಎತ್ತಿ, ಇಲ್ಲದ ಗಾಳವನ್ನು ರಸ್ತೆಯ ಕಡೆಗೆ ಬೀಸಿದ. ಕಾಲು ಅಲುಗಲಿಲ್ಲ.

“ದಡದಲ್ಲಿ ನೀನೊಬ್ಬಳೇ ಕೂತ್ಕೋಬೇಕಾಗುತ್ತೆ ಅಕ್ಕಾ.”

ನಾನು ಪಟ್ಟಿ ತೆಗೆದು ಒಂದು ಕುರ್ಚಿಗೆ ಗೀಟು ಹಾಕಿದೆ.