ಹಾಸ್ಟೆಲಿಗೆ ಹೋದ ಓಣಿಯ ರೊಟ್ಟಿ

ಸಂಘ, ಸಂಸ್ಥೆ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬರುತ್ತಾರೆ, ಚಾಪೆ ಹಾಸಿ ಕೂರಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಹೋಗುತ್ತಾರೆ. ಇಬ್ರಾಹಿಂಪುರದ ನಮ್ಮ ಓಣಿಗೆ ನಿಡೋಣಿಯ ಆ ಅಕ್ಕ ಸಂಸ್ಥೆಯ ಕಡೆಯಿಂದ ಮೊದಲ ಸಲ ಬಂದಾಗ, "ಫೋಟೊ ತಗೊಂಡು ಹೋಗಾಕ ಬಂದೀರೇನ್ರಿ?" ಎಂದು ಮುಖದ ಮೇಲೆ ಹೊಡೆದಂತೆ ಕೇಳಿಬಿಟ್ಟೆ. ಆಕೆ ಸಿಟ್ಟಾಗಲಿಲ್ಲ. "ಮೊದಲ ಒಂದ್ ತಂಬಿಗಿ ನೀರ ಕೊಡ್ರಿ, ಆಮ್ಯಾಲ ಬೈರಿ," ಎಂದಳು.

ಆಗ ನಾನು ದಿನಾ ಬಸ್ಸು ಹಿಡಿದು ತಿಕೋಟಾಕ್ಕೆ ಹೋಗಿ, ಕಂಡವರ ಶೆಡ್ಡಿನಲ್ಲಿ ಕೂತು ಒಣದ್ರಾಕ್ಷಿ ಆರಿಸುತ್ತಿದ್ದೆ. ಸಂಜೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಅಕ್ಕನ ಸಂಸ್ಥೆ ನನ್ನನ್ನೂ ಹಿಡಿದು ಓಣಿಯ ಆರು ಹೆಂಗಸರನ್ನು ಸೇರಿಸಿ, ಒಲೆ, ಹಂಚು ಕೊಟ್ಟು ನಮ್ಮ ಮನೆಯಲ್ಲೇ ರೊಟ್ಟಿ ಕೆಲಸ ಶುರು ಮಾಡಿಸಿತು. ರೊಟ್ಟಿ ಬಡಿಯುವುದನ್ನು ನಮಗೆ ಯಾರೂ ಕಲಿಸಬೇಕಿರಲಿಲ್ಲ. ಮಾರುವುದು ಮಾತ್ರ ಗೊತ್ತಿರಲಿಲ್ಲ. ಅಂಗಡಿಯವರ ಜೊತೆ, ಖಾನಾವಳಿಯವರ ಜೊತೆ ಮಾತೆಲ್ಲ ಅಕ್ಕನದೇ. ಎಂಥ ಗತ್ತಿನವನನ್ನೂ ಆಕೆ ನಗುನಗುತ್ತಲೇ ದಾರಿಗೆ ತರುತ್ತಿದ್ದಳು. ನೋಡಿ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಅಭಿಮಾನವೂ ಉಕ್ಕುತ್ತಿತ್ತು. ನಾನೋ, ಓಣಿಯಲ್ಲಿ ಹುಲಿ, ಫೋನಿನಲ್ಲಿ ಗೊತ್ತಿಲ್ಲದವರ ದನಿ ಕೇಳಿದರೆ ಬಾಯಿ ಕಟ್ಟುತ್ತಿತ್ತು.

ಮೂರನೇ ವರ್ಷ ಅಕ್ಕ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದಳು: "ಪಂಚಮಿ ಮುಗದ ಮ್ಯಾಲ ನಾ ಬಬಲೇಶ್ವರ ಕಡೆ ಹಳ್ಳಿಗೆ ಹೋಗಬೇಕ್ರಿ. ಅಲ್ಲೂ ಹೆಂಗಸರು ಕಾಯಾಕತ್ತಾರ. ನಿಮ್ಮೊಳಗ ಒಬ್ಬಾಕಿ ಮುಂದ ನಿಂತು ಮಾತಾಡಿದ್ರ ಈ ಕೆಲಸ ಉಳಿತೈತಿ, ಇಲ್ಲಾಂದ್ರ ಇಲ್ಲ." ಮತ್ತೆ ಆ ಶೆಡ್ಡಿಗೆ ಹೋಗಿ ಕೂರಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಆ ಪಂಚಮಿಗೇ ವಿಜಯಪುರದ ಹೆಣ್ಣುಮಕ್ಕಳ ಹಾಸ್ಟೆಲೊಂದರಿಂದ ದೊಡ್ಡ ಆರ್ಡರ್ ಬಂತು. ನಾಗಪ್ಪನಿಗೆ ಹಾಲೆರೆಯುವ ದಿನಗಳಲ್ಲಿ ನಮ್ಮ ಕಡೆ ಒಲೆಯ ಮೇಲೆ ಹಂಚು ಇಡುವುದಿಲ್ಲ; ಹಾಸ್ಟೆಲಿನ ಅಡುಗೆಯವರೂ ಇಡುವುದಿಲ್ಲ. ಹಾಗಾಗಿ ಅದರ ಹಿಂದಿನ ದಿನ, ರೊಟ್ಟಿ ಪಂಚಮಿಯಂದು ಸಂಜೆಯೊಳಗೆ ಖಡಕ್ ಜೋಳದ ರೊಟ್ಟಿ ಮುಟ್ಟಿಸಬೇಕಿತ್ತು. ಮಧ್ಯಾಹ್ನಕ್ಕೇ ಬುಟ್ಟಿಗಳು ತುಂಬಿ ಪಡಸಾಲೆಯಲ್ಲಿ ಕೂತವು.

ಆದರೆ ರೊಟ್ಟಿ ಪಂಚಮಿ ಎಂದರೆ ಮನೆಮನೆಗೆ ರೊಟ್ಟಿ ಬೀರುವ, ಒಬ್ಬರಿಗೊಬ್ಬರು ಹಂಚುವ ದಿನ. ಆರೂ ಜನ ನಮ್ಮಲ್ಲೇ ಇದ್ದುದರಿಂದ ಎಲ್ಲರ ಪಾಲಿನ ತಾಟುಗಳೂ ನಮ್ಮ ಮನೆಗೇ ಬಂದವು. ಖಾಲಿ ತಾಟು ಮರಳಿಸುವುದು ನಮ್ಮಲ್ಲಿಲ್ಲ. ನಾನು ಬುಟ್ಟಿಯಿಂದ ನಾಲ್ಕು ತೆಗೆದು ಹಾಕಿದೆ. ನಾಲ್ಕೇ ಅಲ್ಲವೆ? ಉಳಿದ ಐವರೂ ಹಾಗೇ ಅಂದುಕೊಂಡು ಸಂಜೆಯವರೆಗೂ ಅದೇ ಬುಟ್ಟಿಗಳಿಗೆ ಕೈ ಹಾಕಿದ್ದರು! ಅಕ್ಕ ಆಟೋ ತಂದು ನಿಲ್ಲಿಸಿದಾಗ ನಮ್ಮ ರೊಟ್ಟಿ ಅರ್ಧವೂ ಇರಲಿಲ್ಲ. ಪಕ್ಕದಲ್ಲಿ ಓಣಿಯವರು ಕೊಟ್ಟ ರೊಟ್ಟಿಯ ರಾಶಿ: ಸಜ್ಜೆಯದು, ಎಳ್ಳು ಹಚ್ಚಿದ್ದು, ದಪ್ಪನೆಯದು, ಅಂಚು ಸೀದದ್ದು. ನಮ್ಮ ಹಿಟ್ಟು ತೀರಿತ್ತು, ಗಿರಣಿ ಮುಚ್ಚಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಅಕ್ಕ ಬೈಯಲಿಲ್ಲ. ಹಾಸ್ಟೆಲಿನ ಮೇಡಂಗೆ ಫೋನ್ ಹಚ್ಚಿ ನನ್ನ ಕೈಗಿತ್ತಳು.

"ನಾ ಒಲ್ಲೆ ಯಕ್ಕಾ, ನೀವ ಹೇಳ್ರಿ," ಎಂದೆ.

"ರೊಟ್ಟಿ ಕೊಟ್ಟವರು ನೀವು. ನೀವ ಹೇಳ್ರಿ."

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ತಪ್ಪಾಗೇತ್ರಿ ಮೇಡಂ. ನಮ್ಮ ರೊಟ್ಟಿ ಓಣ್ಯಾಗ ಹೋಗ್ಯಾವ, ಓಣಿ ರೊಟ್ಟಿ ನಮ್ಮಲ್ಲಿ ಬಂದಾವ. ಹುಡುಗ್ಯಾರು ಹಸದು ಕುಂಡ್ರಬಾರದು, ಎಲ್ಲಾ ಕಳಸ್ತೀನಿ. ಆದ್ರ ಬೀರಿದ ರೊಟ್ಟಿಗೆ ನಾವು ರೊಕ್ಕ ಮುಟ್ಟೂದಿಲ್ರಿ."

ಮೇಡಂ ಹೇಳಿದರು: "ಹಬ್ಬಕ್ಕ ಊರಿಗೆ ಹೋಗದ ಹುಡುಗ್ಯಾರ ಇವು. ಇವಕ್ಕ ಯಾರ್ ರೊಟ್ಟಿ ಬೀರ್ತಾರ್ರಿ? ಕಳಸ್ರಿ. ಮುಂದಿನ ವಾರದ್ದೂ ಮಾತಾಡೂದೈತಿ, ನಿಮ್ಮ ಅಕ್ಕಾರಿಗೆ ಫೋನ್ ಕೊಡ್ರಿ."

ಅಕ್ಕ ಫೋನ್ ತೆಗೆದುಕೊಂಡು ಹೇಳಿದ್ದು ಎರಡೇ ಮಾತು. "ನನ್ನ ನಂಬರ್ ಅಳಸ್ರಿ ಮೇಡಂ. ಈಗ ಮಾತಾಡಿದ್ರಲ್ಲಾ, ಅವರದ ಬರಕೋರಿ." ಆಮೇಲೆ ಒಂದೊಂದೇ ಅಂಕಿ ಹೇಳತೊಡಗಿದಳು. ನನ್ನ ನಂಬರ್ ನನಗೇ ಬಾಯಿಪಾಠ ಇರಲಿಲ್ಲ. ಆಕೆಗೆ ಇತ್ತು.