ಮೂರನೆಯ ಅಕ್ಷರದ ಕೆಮ್ಮು

ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ನನ್ನ ಅಮ್ಮನೂ ಸ್ವಲ್ಪ ಯೋಚಿಸಬೇಕಾಗುತ್ತದೆ. ಕಂಡವರ ದನಿಯಲ್ಲಿ ಮಾತಾಡಿಕೊಂಡೇ ಬೆಳೆದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಎನ್.ಆರ್. ಕಾಲೋನಿಯ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹುದ್ದೆಯ ಹೆಸರು ಸಂಶೋಧನಾ ಸಹಾಯಕ. ಆಪರೇಷನ್ ಆದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಫಲಕದ ಅಕ್ಷರಗಳನ್ನು ಎಷ್ಟನೇ ಸಾಲಿನವರೆಗೆ ಓದಿದರು ಎಂದು ಬರೆದುಕೊಳ್ಳುವುದಷ್ಟೇ ಕೆಲಸ. ಬೀದಿಯಲ್ಲಿ ಮಾತ್ರ ಕಣ್ಣಿನ ಡಾಕ್ಟರ ಗತ್ತಿನಲ್ಲಿ ಓಡಾಡುತ್ತಿದ್ದೆ.

ಸಂಶೋಧನೆ ನಮ್ಮ ಮೇಡಂ ಅವರದು. ಪೊರೆ ತೆಗೆಯಲು ಆಗೆಲ್ಲ ಕಣ್ಣನ್ನು ಅಗಲವಾಗಿ ಕೊಯ್ದು ಹೊಲಿಗೆ ಹಾಕುತ್ತಿದ್ದರು. ಮೇಡಂ ಸಣ್ಣ ಗಾಯದಲ್ಲೇ, ಹೊಲಿಗೆಯಿಲ್ಲದೆ, ದುಬಾರಿ ಯಂತ್ರವೂ ಇಲ್ಲದೆ ತೆಗೆಯುತ್ತಿದ್ದರು. ಹಾಗೆ ಬಂದ ದೃಷ್ಟಿ ಉಳಿಯುತ್ತದೋ ಇಲ್ಲವೋ ಎಂದು ಅದೇ ರೋಗಿಗಳನ್ನು ವರ್ಷಗಟ್ಟಲೆ ಕರೆಸಿ ಅಳೆಯುತ್ತಿದ್ದರು. ಹಿರಿಯ ಡಾಕ್ಟರೊಬ್ಬರು "ಆತುರ ಬೇಡಮ್ಮ" ಎಂದು ಎಲ್ಲರೆದುರು ನಕ್ಕಿದ್ದರು. ಅಂಥ ಹಿರಿಯರೆಲ್ಲ ಸೇರುವ ಸಮ್ಮೇಳನದಲ್ಲಿ ಮೇಡಂ ಫಲಿತಾಂಶ ಮಂಡಿಸಬೇಕಿತ್ತು. ಅಲ್ಲಿ ನಂಬಿದರೆ ಈ ವಿಧಾನವನ್ನು ಬೇರೆಯವರೂ ಕಲಿಯುತ್ತಿದ್ದರು. ನಂಬದಿದ್ದರೆ ಅಷ್ಟು ವರ್ಷಗಳ ಕೆಲಸ ಬೀರು ಸೇರುತ್ತಿತ್ತು.

ಫಲಿತಾಂಶವಂತೂ ಬೊಂಬಾಟಾಗಿತ್ತು. ಬಂದವರೆಲ್ಲ ಕೊನೆಯ ಸಾಲಿನವರೆಗೂ ಓದುತ್ತಿದ್ದರು.

ಸಮ್ಮೇಳನಕ್ಕೆ ಒಂದು ತಿಂಗಳಿರುವಾಗ, ಮಧ್ಯಾಹ್ನ ಡಬ್ಬಿ ಬಿಚ್ಚುತ್ತ ಮೇಡಂ ಕೇಳಿದರು: "ಏನಪ್ಪಾ, ಇವತ್ತು ಯಾರ ಸರದಿ?"

ಊಟದ ಹೊತ್ತಿನ ನನ್ನ ಅಣಕಿಗೆ ಅಂದಿನ ಸರದಿ ನಮ್ಮ ರೋಗಿಗಳಲ್ಲೊಬ್ಬರಾದ ನಿವೃತ್ತ ಹೆಡ್‌ಮಾಸ್ಟರದು. ಹತ್ತು ಗಂಟೆಗೆ ಬನ್ನಿ ಎಂದರೆ ಎಂಟಕ್ಕೇ ಬಂದು ಬೆಂಚಿನಲ್ಲಿ ಕೂರುವವರು. ನಾನು ಬೆನ್ನು ಸೆಟೆಸಿ, ಅಂಗೈಯಲ್ಲಿ ಕಣ್ಣು ಮುಚ್ಚಿ, ಅವರ ಹಾಗೇ ಕೊನೆಯ ಸಾಲು ಓದಿದೆ: "ಗ... ರ..." ಒಂದು ಕೆಮ್ಮು. "ಠ... ವ... ಳ." ನರ್ಸಮ್ಮ ಬಿದ್ದು ಬಿದ್ದು ನಕ್ಕರು. ಆಮೇಲೆ ನಿವೃತ್ತ ಬಸ್ ಕಂಡಕ್ಟರು: ಸ್ಟಾಪು ಕೂಗಿದ ಹಾಗೆ "ಗ! ರ!", ಕೆಮ್ಮು, "ಠ!" ಆಮೇಲೆ ಗಾಂಧಿ ಬಜಾರಿನ ಹೂವಿನಂಗಡಿಯಮ್ಮ.

ನಗುತ್ತಿದ್ದ ಮೇಡಂ ಚಮಚ ಕೆಳಗಿಟ್ಟರು. "ತಡಿ. ಕಂಡಕ್ಟರೂ ಅಲ್ಲೇ ಕೆಮ್ತಾರಾ?"

"ಹೂಂ ಮೇಡಂ. ಹೂವಿನಮ್ಮನೂ."

"ಮೂರನೇ ಅಕ್ಷರಕ್ಕೆ ಮುಂಚೇನೇ?"

"ಹೌದು ಮೇಡಂ..." ಇದು ಮಾತ್ರ ನನ್ನ ಸ್ವಂತ ದನಿಯಲ್ಲಿ ಬಂತು.

"ಅವರು ಓದ್ತಿಲ್ಲ ಕಣೋ. ಬಾಯಿಪಾಠ ಒಪ್ಪಿಸ್ತಿದಾರೆ."

ಮಾರನೆಯ ಬೆಳಿಗ್ಗೆ ಎಂಟಕ್ಕೇ ಹೋಗಿ ನೋಡಿದೆವು. ಬೆಂಚಿನ ಮೇಲೆ ಶಾಲೆ ನಡೆದಿತ್ತು. ಹೆಡ್‌ಮಾಸ್ಟರು ಹೇಳಿಕೊಡುತ್ತಿದ್ದರು, ಉಳಿದವರು ಕೆಮ್ಮನ್ನೂ ಸೇರಿಸಿ ಒಪ್ಪಿಸುತ್ತಿದ್ದರು.

"ಏನ್ ಸಾರ್ ಇದು?" ಎಂದರು ಮೇಡಂ.

"ತಪ್ಪು ತಿಳ್ಕೋಬೇಡಿ ಮೇಡಂ. ದೊಡ್ಡ ಡಾಕ್ಟ್ರುಗಳ ಮುಂದೆ ನಿಮಗೆ ಪರೀಕ್ಷೆ ಇದೆ ಅಂತ ಈ ಹುಡುಗನೇ ಹೇಳ್ದ. ನಾವು ಓದ್ಲಿಲ್ಲ ಅಂದ್ರೆ ನೀವು ಫೇಲಾಗಲ್ವಾ? ಕಣ್ಣು ಕೊಟ್ಟೋರನ್ನ ಫೇಲ್ ಮಾಡಕ್ಕಾಗತ್ತಾ?"

ಮೇಡಂ ನನ್ನ ಕಡೆ ತಿರುಗಿದರು. ಸಮ್ಮೇಳನದ ವಿಷಯ ಹೇಳಿ ರೋಗಿಗಳ ಮುಂದೆ ಜಂಬ ಕೊಚ್ಚಿದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡದು ಬೀರುವಿನ ಹಿಂದಿತ್ತು: ಇನ್ನೊಂದು ಅಕ್ಷರ ಫಲಕ. ಪ್ರತಿ ಸಲ ಬದಲಿಸಬೇಕು ಎಂದು ಅವರು ಮೊದಲ ದಿನವೇ ಹೇಳಿದ್ದರು. ಸ್ಟೂಲು ಹತ್ತುವ ಸೋಮಾರಿತನಕ್ಕೆ ನಾನು ಬದಲಿಸಿರಲಿಲ್ಲ. ಐದನೇ ಕ್ಲಾಸಿನಲ್ಲಿ ಕನ್ನಡಕ ತಪ್ಪಿಸಿಕೊಳ್ಳಲು ನಾನೇ ಹೀಗೆ ಬಾಯಿಪಾಠ ಮಾಡಿದವನು; ನನಗೂ ಹೊಳೆಯಲಿಲ್ಲವೆಂದರೆ ನನ್ನ ಬುದ್ಧಿಗೇ ಪೊರೆ ಬಂದಿತ್ತೆಂದು ಕಾಣುತ್ತದೆ.

"ಮೇಡಂ, ಸುಮ್ನಿದ್ಬಿಟ್ರೆ ಯಾರಿಗ್ ಗೊತ್ತಾಗತ್ತೆ?" ಎಂದು ಮೆಲ್ಲಗೆ ಕೇಳಿದೆ.

ಅವರು ಕೆಂಪು ಪೆನ್ನು ತೆಗೆದು, ನಾನು ಬರೆದಿದ್ದ ಪುಟಗಳಿಗೆಲ್ಲ ಒಂದೊಂದೇ ಅಡ್ಡಗೆರೆ ಎಳೆದರು. ಒಬ್ಬರನ್ನು ಅನುಕರಿಸಲು ಧೈರ್ಯ ಬರದೆ ಹೋದದ್ದು ನನಗೆ ಅದೇ ಮೊದಲು. ಕೊನೆಯ ಪುಟಕ್ಕೂ ಗೆರೆ ಎಳೆದ ಮೇಲೆ ಹೇಳಿದರು: "ಎಲ್ಲಾರನ್ನೂ ಮತ್ತೆ ಕರಿ. ಆ ಸ್ಟೂಲೂ ತಗೊಂಡ್ ಬಾ."

ಚಾಮರಾಜಪೇಟೆಯಿಂದ ಮಲ್ಲೇಶ್ವರದವರೆಗೆ ಸೈಕಲ್ ತುಳಿದು ಕರೆದುಬಂದೆ. ಹೊಸ ಫಲಕದಲ್ಲಿ ಹೆಚ್ಚಿನವರು ಚೆನ್ನಾಗಿಯೇ ಓದಿದರು. ಎಲ್ಲರೂ ಕೊನೆಯ ಸಾಲು ಮುಟ್ಟಲಿಲ್ಲ. ಹೆಡ್‌ಮಾಸ್ಟರಂತೂ ನಡುವಿನಲ್ಲೇ ನಿಂತರು. ಮೇಡಂ ಪರೀಕ್ಷಿಸಿದರು. ಒಳಗೆ ಕೂರಿಸಿದ್ದ ಮಸೂರದ ಹಿಂದಿನ ತೆಳು ಪದರ ಮಂಜಾಗಿತ್ತು. ಲೇಸರಿನಲ್ಲಿ ಕೆಲವೇ ನಿಮಿಷದ ಕೆಲಸ.

"ನನ್ನ ಪಾಸ್ ಮಾಡ್ಸಕ್ಕೆ ಹೋಗಿ ನಿಮ್ಮ ಕಣ್ಣನ್ನೇ ಮರೆತ್ರಲ್ಲ ಸಾರ್!"

ಲೇಸರ್ ಆದ ಮೇಲೆ ಅವರು ಕೊನೆಯ ಸಾಲನ್ನು ನಿಧಾನವಾಗಿ, ಎಡವುತ್ತ ಓದಿದರು. ಕೆಮ್ಮಿಲ್ಲ.

ಸಮ್ಮೇಳನದಲ್ಲಿ ಮೇಡಂ ತಗ್ಗಿದ ಅಂಕಿಗಳನ್ನೇ ತೋರಿಸಿದರು. ಏಕೆ ತಗ್ಗಿದವೆಂದೂ ಹೇಳಿದರು. ಅದೇ ಹಿರಿಯರು ಎದ್ದು ನಿಂತರು: "ಬೇರೆಯವರ ಫಲಿತಾಂಶ ಇದಕ್ಕಿಂತ ಚೆನ್ನಾಗಿದೆಯಲ್ಲಮ್ಮಾ?"

"ಅವರು ಫಲಕ ಬದಲಾಯಿಸ್ತಾರಾ ಸರ್?"

ಆ ಹಿರಿಯರೇ ಮೊದಲು ನಕ್ಕರು. ಮುಂದಿನ ತಿಂಗಳು ತಮ್ಮ ಇಬ್ಬರು ಶಿಷ್ಯರನ್ನು ಮೇಡಂ ಬಳಿ ಕಲಿಯಲು ಕಳಿಸಿದರು.

ಈಗಲೂ ಕಲಿಯುವವರ ಹೊಸ ತಂಡ ಬಂದರೆ ಚಾಕು ಮುಟ್ಟಿಸುವ ಮೊದಲು ಮೇಡಂ ನನ್ನನ್ನು ಮುಂದೆ ನಿಲ್ಲಿಸಿ, "ಶುರು ಮಾಡಪ್ಪಾ" ಎನ್ನುತ್ತಾರೆ. ನಾನು ಹೆಡ್‌ಮಾಸ್ಟರಾಗುತ್ತೇನೆ, ಕಂಡಕ್ಟರಾಗುತ್ತೇನೆ, ಹೂವಿನಮ್ಮ ಆಗುತ್ತೇನೆ. ಹುಡುಗ ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮೇಡಂ ಮಾತ್ರ ನಗುವುದಿಲ್ಲ. ಅವರಲ್ಲಿ ಯಾರು ಮೊದಲು ನಗು ನಿಲ್ಲಿಸುತ್ತಾರೆ ಎಂದು ಕಾಯುತ್ತಾರೆ.